ಅರಿಕಿಯ ಮನೆಯ ಹಿರಿಮಗಳು

ಮೊನ್ನೆ ಬೆಸೆಂಟ್ ನಗರದ ಅಣ್ಣನ ಫ್ಲ್ಯಾಟಿನಲ್ಲಿ ಅತ್ತಿಗೆಯ ವರ್ಷಾಬ್ದಿಕ ನಡೆಯಿತು. ಸಂಕಲ್ಪದಲ್ಲಿ ಆಚಾರ್ಯರು ಹೆಸರು ಕೇಳಿದಾಗ ಅಣ್ಣ, ಮದುವೆಯ ದಿನ ನಮ್ಮ ಅಪ್ಪ ಇಟ್ಟಿದ್ದ ಹೆಸರನ್ನು ಹೇಳಿದ. ಆ ಹೆಸರಿನಿಂದ ಅವರನ್ನು ಒಬ್ಬರಾದರೂ ಕರೆದದ್ದು ನನಗೆ ನೆನಪಿಲ್ಲ. ಅವರ ತಂದೆ ಇಟ್ಟ ಹೆಸರು ಉದ್ದವಾಗಿತ್ತು. ಅದರೊಳಗೆ ಯಾರೋ ಮುತ್ತಜ್ಜಿಯ ಕಥೆಯೇ ಇತ್ತಂತೆ. ಅದನ್ನು ಸರಿಯಾಗಿ ಹೇಳಲು ನಾವು ಯಾರೂ ಕಲಿಯಲಿಲ್ಲ. ಹಾಗಾಗಿ ಇಲ್ಲಿ ಎರಡು ಹೆಸರನ್ನೂ ಬರೆಯುವುದಿಲ್ಲ. ನನಗೆ ಅವರು ಅತ್ತಿಗೆ, ಅಷ್ಟೆ.

ಊಟವಾದ ಮೇಲೆ ನೆಂಟರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಪಾಪ, ಎಲ್ಲಿಂದಲೋ ಬಂದು ಪೂರ್ತಿ ನಮ್ಮವರ ಹಾಗೇ ಆಗ್ಬಿಟ್ರು ಆಕೆ," ಎಂದರು. ಅವರು ಮೆಚ್ಚಿಕೊಂಡೇ ಹೇಳಿದ್ದು. ಆದರೆ ನಮ್ಮವರ ಹಾಗೆ ಆಗುವುದಕ್ಕೆ ಆಕೆ ಏನನ್ನು ಬಿಟ್ಟರು ಎನ್ನುವುದು ಆ ಕೋಣೆಯಲ್ಲಿ ಅಣ್ಣನಿಗೂ ನನಗೂ ಮಾತ್ರ ಗೊತ್ತಿತ್ತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ನಾನು ಎದ್ದು ಬಾಲ್ಕನಿಗೆ ಹೋದೆ.

ನಮ್ಮದು ಮೈಸೂರು ಕಡೆಯ ಮಾಧ್ವ ಮನೆತನ. ಅಜ್ಜನ ಕಾಲದಿಂದಲೂ ತಿರುವಲ್ಲಿಕ್ಕೇಣಿಯ ಒಂದು ಸಣ್ಣ ಬೀದಿಯಲ್ಲಿ ಇದ್ದೆವು. ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದರು. ನಾನು ಮೌಂಟ್ ರೋಡಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಣ್ಣ ಅಂಬತ್ತೂರಿನಲ್ಲಿ, ಹಾಲಿನ ಡೇರಿಗಳಿಗೆ ಯಂತ್ರ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಎಪ್ಪತ್ತರ ದಶಕ ಶುರುವಾದಾಗ ಅವನನ್ನು ತರಬೇತಿಗೆಂದು ನ್ಯೂಜಿಲೆಂಡಿಗೆ ಕಳಿಸಿದರು. ಅಲ್ಲಿ ಕಾಮಾಲೆಯಾಗಿ ಆಸ್ಪತ್ರೆ ಸೇರಿದ. ಅವನನ್ನು ನೋಡಿಕೊಂಡ ನರ್ಸನ್ನು ಕಟ್ಟಿಕೊಂಡು ವಾಪಸು ಬಂದ.

ಬಿಳಿಯ ಹೆಂಗಸು ಬರುತ್ತಾಳೆಂದು ಬೀದಿಯವರೆಲ್ಲ ಕಾದಿದ್ದರು. ಟ್ಯಾಕ್ಸಿಯಿಂದ ಇಳಿದದ್ದು ನಮ್ಮೆಲ್ಲರಿಗಿಂತ ಎತ್ತರದ, ಅಗಲ ಭುಜದ, ಕಂದು ಬಣ್ಣದ ಹೆಂಗಸು. ಬೆನ್ನ ತುಂಬ ಗುಂಗುರು ಕೂದಲು. ಆಕೆ ಅಲ್ಲಿನ ಮೂಲ ನಿವಾಸಿಗಳಾದ ಮಾವೋರಿಗಳ ಪೈಕಿ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಎದ್ದರು. ಅಮ್ಮ ಅಕ್ಷತೆ ಹಾಕಿ ತಲೆಯ ಮೇಲೆ ಕೈಯಿಡಲು ಹೋದಾಗ, ಬೆಂಕಿ ತಗುಲಿದವರಂತೆ ಹಿಂದಕ್ಕೆ ಸರಿದರು. ಅಮ್ಮನ ಕೈ ಗಾಳಿಯಲ್ಲೇ ಉಳಿಯಿತು.

"ಮೊದಲ ದಿನವೇ ಹಿರಿಯರ ಆಶೀರ್ವಾದ ಬೇಡ ಅಂದವಳು," ಎಂದು ಅಮ್ಮ ಅದನ್ನು ವರ್ಷಗಟ್ಟಲೆ ಆಡಿಕೊಂಡಳು.

ಅಪ್ಪನದು ಬೇರೆ ಸ್ವಭಾವ. ಮನೆಯಲ್ಲಿ ಶಾಸ್ತ್ರೋಕ್ತವಾಗಿ ಮತ್ತೊಮ್ಮೆ ಮದುವೆ ಮಾಡುವಾಗ ಅವರು ಸುಮ್ಮನೆ ತಮಾಷೆಗೆ, "ನಿಮ್ಮ ಕಡೆ ಗೋತ್ರ ಗೀತ್ರ ಏನಾದ್ರೂ ಉಂಟೇನಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅತ್ತಿಗೆ ನೆಟ್ಟಗೆ ನಿಂತು ಕಣ್ಣು ಮುಚ್ಚಿ ಶುರು ಮಾಡಿದರು. ಹೆಸರಿನ ಹಿಂದೆ ಹೆಸರು, ತಂದೆ, ತಂದೆಯ ತಂದೆ, ಅವರ ತಾಯಿ, ಹೀಗೆ ಹಿಂದಕ್ಕೆ ಹಿಂದಕ್ಕೆ, ಮೊದಲ ದೋಣಿಯಲ್ಲಿ ಸಮುದ್ರ ದಾಟಿ ಬಂದ ಪೂರ್ವಿಕನವರೆಗೆ. ಎಲ್ಲೂ ತಡವರಿಸಲಿಲ್ಲ. ಮುಗಿಯುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದರು. "ನನಗೆ ಶ್ರಾದ್ಧಕ್ಕೆ ಬೇಕಾಗೋ ಮೂರು ತಲೆಮಾರು ಬಿಟ್ರೆ ನಾಲ್ಕನೇದು ಗೊತ್ತಿಲ್ಲ ಕಣೋ," ಎಂದು ಅಣ್ಣನಿಗೆ ಹೇಳಿದರು.

ಆಗಲೇ ನಾವು 'ಅರಿಕಿ' ಎಂಬ ಮಾತು ಕೇಳಿದ್ದು. ಅವರ ತಂದೆ ಅರಿಕಿ ಎಂದು ಅಣ್ಣ ಹೇಳಿದ. ರಾಜನೋ ಎಂದು ನಾನು ಕೇಳಿದೆ. ರಾಜನಲ್ಲ, ಎಂದರು ಅತ್ತಿಗೆ. ಬುಡಕಟ್ಟಿನ ಎಲ್ಲ ಮನೆಗಳಲ್ಲಿ ಹಿರಿಯ ಮನೆ ಯಾವುದೋ, ಆ ಮನೆಯಲ್ಲಿ ಮೊದಲು ಹುಟ್ಟಿದ ಮಗು ಅರಿಕಿ. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಗೆದ್ದು ಪಡೆಯುವುದಲ್ಲ, ಯಾರೋ ಕೊಡುವುದೂ ಅಲ್ಲ, ಹುಟ್ಟಿನಿಂದಲೇ ಬರುತ್ತದೆ. ಯುದ್ಧ ಮಾಡುವ, ಕೆಲಸ ಮಾಡಿಸುವ ನಾಯಕರು ಬೇರೆ ಇರುತ್ತಾರೆ. ಆದರೆ ಜನ ತಮ್ಮ ತಮ್ಮಲ್ಲೇ ಒಡೆದುಹೋಗುವ ಹೊತ್ತು ಬಂದರೆ ಅರಿಕಿಯ ಮಾತೇ ಕಡೆಯ ಮಾತು.

"ಹಾಗಾದ್ರೆ ನೀವು?" ಎಂದೆ.

"ನಾನು ದೊಡ್ಡ ಮಗಳು," ಎಂದು ನಕ್ಕರು.

ಅಮ್ಮ ಇದನ್ನೆಲ್ಲ ನಂಬಲಿಲ್ಲ. "ದೂರದೂರಿಂದ ಬಂದೋರೆಲ್ಲ ದೊಡ್ಡ ಮನೆತನದೋರೇ," ಎಂದಳು. ಅಮ್ಮನ ಮಡಿ ನಮ್ಮ ಬೀದಿಗೆಲ್ಲ ಹೆಸರುವಾಸಿ. ಸೊಸೆಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಷ್ಟು ಜಗಳ ಮಾಡುವ ಧೈರ್ಯ ಅಣ್ಣನಿಗೆ ಇರಲಿಲ್ಲ. ಒಮ್ಮೆ ಹೇಗೋ ಬಾಯಿ ತೆರೆದಾಗ ಅತ್ತಿಗೆಯೇ ಅವನನ್ನು ತಡೆದರು. "ಪರವಾಯಿಲ್ಲೆ. ಇದು ನನಗೆ ಗೊತ್ತು. ನಮ್ಮಲ್ಲೂ ಉಂಟು, ತಪು ಅಂತ," ಎಂದರು.

ಕನ್ನಡವನ್ನು ಅವರು ಅಪ್ಪನಿಂದ ಕಲಿತರು, ತಮಿಳನ್ನು ತರಕಾರಿಯವಳಿಂದ. ಎರಡೂ ಅವರ ಬಾಯಲ್ಲಿ ಬೆರೆತುಹೋಗಿದ್ದವು. ಒಮ್ಮೆ ನನ್ನನ್ನು ಹಿಡಿದು ನಿಲ್ಲಿಸಿ ಖುಷಿಯಿಂದ ಹೇಳಿದರು: "ನೋಡು, ಇವರು ಪಾಲು ಅಂತಾರೆ, ನೀವು ಹಾಲು. ಇವರು ಪೂ, ನೀವು ಹೂ. ನಮ್ಮ ಸಮುದ್ರದಲ್ಲೂ ಹಾಗೇ! ನಾವು ಅರಿಕಿ ಅಂತೀವಿ. ತಹಿತಿಯವರು ಕ ನುಂಗಿ ಅರಿಇ ಅಂತಾರೆ. ಹವಾಯಿಯವರು ಅಲಿಇ. ಎಲ್ಲಾ ಒಂದೇ ತಾಯಿ ಮಕ್ಕಳು, ದೋಣಿ ಬೇರೆ."

ಅವರ ತಪು ಅಮ್ಮನ ಮಡಿಯಷ್ಟೇ ಬಿಗಿ. ದಿಂಬಿನ ಮೇಲೆ ಯಾರೂ ಕೂರುವಂತಿಲ್ಲ, ಅದು ತಲೆಯಿಡುವ ಜಾಗ. ಬಾಚಣಿಗೆ ಊಟದ ಕಡೆ ಸುಳಿಯಬಾರದು. ಪಾತ್ರೆ ಒರೆಸುವ ಬಟ್ಟೆಯನ್ನು ಉಡುವ ಬಟ್ಟೆಗಳ ಜೊತೆ ನೆನೆಸಬಾರದು. ತಮ್ಮ ತಲೆಯನ್ನಂತೂ ಗಂಡನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಊಟವಾದ ಮೇಲೆ ತಮ್ಮ ಎಲೆಯನ್ನು ತಾವೇ ಹಿತ್ತಲಿಗೆ ಒಯ್ದು ಮಣ್ಣಿನಲ್ಲಿ ಹೂಳುತ್ತಿದ್ದರು. ಮಿಕ್ಕದ್ದನ್ನು ಕೆಲಸದವಳಿಗೆ ಕೊಡುತ್ತಿರಲಿಲ್ಲ. ಅವಳು, "ಹೊಸ ಅಮ್ಮ ಜಿಪುಣಿ," ಎಂದು ಗೊಣಗುತ್ತಿದ್ದಳು. ಅಮ್ಮನಿಗೆ ಮಾತ್ರ ಈ ಒಂದು ವಿಷಯದಲ್ಲಿ ಸೊಸೆಯ ಮೇಲೆ ಸಮಾಧಾನವಿತ್ತು. "ಎಂಜಲು ಗೊತ್ತು ಅವಳಿಗೆ. ತನ್ನ ಮೈಲಿಗೆ ಇನ್ನೊಬ್ಬರಿಗೆ ತಾಗಿಸಲ್ಲ," ಎನ್ನುತ್ತಿದ್ದಳು.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಅಮ್ಮ ತುಳಸಿಕಟ್ಟೆಯ ಬಳಿ ಬಿದ್ದಳು. ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತು, ಬಾಯಿ ಸೊಟ್ಟಗಾಯಿತು. ಅಡುಗೆಗೆ ಒಬ್ಬರು ಮಾಮಿ ಗೊತ್ತಾದರು. ಅಮ್ಮನನ್ನು ನೋಡಿಕೊಂಡದ್ದು ಅತ್ತಿಗೆ. ಎತ್ತುವುದು, ಹೊರಳಿಸುವುದು, ಒರೆಸುವುದು, ಕಲಸಿದ ಅನ್ನವನ್ನು ತುತ್ತು ತುತ್ತಾಗಿ ಬಾಯಿಗಿಡುವುದು ಎಲ್ಲ ಅವರೇ. ಅಮ್ಮನ ತೊದಲು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವರಿಗೆ ತಿಳಿಯುತ್ತಿತ್ತು. ಮೈ ಮುಟ್ಟಿಸಿಕೊಳ್ಳುವಾಗ ಅಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು. ನಾಚಿಕೆಯೋ, ಸಿಟ್ಟೋ, ಹೇಳಲಾರೆ. ಅಡುಗೆಮನೆಯ ನಿಯಮ ಮಾತ್ರ ಬದಲಾಗಲಿಲ್ಲ. ಅನ್ನದ ಬಟ್ಟಲನ್ನು ಮಾಮಿಯೇ ಹೊಸ್ತಿಲಾಚೆ ಇಡುತ್ತಿದ್ದರು, ಅತ್ತಿಗೆ ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು.

ಎಮರ್ಜೆನ್ಸಿ ಮುಗಿದ ವರ್ಷ ಅತ್ತಿಗೆಯ ತಮ್ಮ ಬಂದ. ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವನ ಹಡಗು ಮದರಾಸು ಬಂದರಿಗೆ ಬಂದಿತ್ತು. ಭಾನುವಾರ ಬೆಳಿಗ್ಗೆ ಸೈಕಲ್ ರಿಕ್ಷಾದಿಂದ ಬೆಟ್ಟದಂಥ ಮನುಷ್ಯ ಇಳಿದ. ಇಳಿದವನು ಒಳಗೆ ಬರಲಿಲ್ಲ, ಬೀದಿಯಲ್ಲೇ ತಲೆ ಬಗ್ಗಿಸಿ ನಿಂತ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ಆಮೇಲೆ ಅವರ ಬಾಯಿಂದ ಒಂದು ಕೂಗು ಹೊರಟಿತು. ಎಳೆದೆಳೆದು ಕರೆಯುವ, ಅಳುವೂ ಹಾಡೂ ಸೇರಿದಂಥ ಕೂಗು. ಅಕ್ಕಪಕ್ಕದವರೆಲ್ಲ ತಿಣ್ಣೆಗೆ ಓಡಿ ಬಂದರು. ಕರೆ ಕೇಳಿದ ಮೇಲೇ ಅವನು ಹೆಜ್ಜೆ ಎತ್ತಿದ್ದು. ಹತ್ತಿರ ಬಂದು ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿದ. ಇಬ್ಬರೂ ಹಾಗೇ ನಿಂತು ಅತ್ತರು. ಅವನು ಏನಾದರೂ ಹೇಳುವ ಮೊದಲೇ ಅವರಿಗೆ ತಂದೆ ಹೋದದ್ದು ತಿಳಿದುಹೋಗಿತ್ತು.

ಮಧ್ಯಾಹ್ನ ಅಮ್ಮನ ಕೋಣೆಯ ಎದುರಿನ ಹಜಾರದಲ್ಲಿ ಎಲೆ ಹಾಕಿದೆವು. ಅತ್ತಿಗೆಗೆ ಊಟ ಸೇರಲಿಲ್ಲ. ಅರ್ಧ ಹೋಳಿಗೆ ಬಿಟ್ಟು ಎದ್ದು ಕೈ ತೊಳೆಯಲು ಹೋದರು. ಕೆಲಸದವಳು ಬಂದು ಆ ಎಲೆಯನ್ನು ಎತ್ತಿಕೊಂಡಳು. ಹೋಳಿಗೆಯ ತುಂಡಿಗೆ ಅವಳ ಕೈ ಹೋಯಿತು. ತಮ್ಮ ಧಡಕ್ಕನೆ ಎದ್ದು ಅಡ್ಡ ನಿಂತ.

"ಬೇಡ ಅನ್ನಿ," ಎಂದು ಇಂಗ್ಲಿಷಿನಲ್ಲಿ ಹೇಳುತ್ತ ನನ್ನ ಕಡೆ ತಿರುಗಿದ. "ನನ್ನ ಅಕ್ಕ ಅರಿಕಿ. ಅವಳು ತಿಂದು ಬಿಟ್ಟದ್ದನ್ನು ನಾವು ಸಾಮಾನ್ಯರು ತಿಂದರೆ ತಾಳಿಕೊಳ್ಳುವುದಿಲ್ಲ. ಕಾಯಿಲೆ ಬೀಳುತ್ತೇವೆ. ನಮ್ಮನ್ನು ಕಾಪಾಡುವುದಕ್ಕೇ ಅವಳು ಚಿಕ್ಕಂದಿನಿಂದ ಮಿಕ್ಕದ್ದನ್ನು ಹೂಳುತ್ತಾಳೆ. ಇಷ್ಟು ವರ್ಷವಾದರೂ ಅವಳು ನಿಮಗೆ ಹೇಳಿಲ್ಲವೇ?"

ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಐದು ವರ್ಷ ನಾವು ಅವರ ಮೈಲಿಗೆ ನಮಗೆ ತಾಗದಂತೆ ನೋಡಿಕೊಂಡಿದ್ದೆವು. ಅವರು ತಮ್ಮ ಪಾವಿತ್ರ್ಯ ನಮಗೆ ತಾಗಿ ಕೆಡುಕಾಗದಂತೆ ನೋಡಿಕೊಂಡಿದ್ದರು.

ಒಳಗಿನಿಂದ ಅಮ್ಮ ಏನೋ ತೊದಲಿದಳು. ಹೋಗಿ ನೋಡಿದರೆ, ಏನಂದ ಅವನು ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಹೇಳಿದೆ. ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ತಮ್ಮ ಬಂದದ್ದು ಸುದ್ದಿ ಹೇಳಲು ಮಾತ್ರವಲ್ಲ. ಅವರ ಬುಡಕಟ್ಟಿಗೆ ಕಡಲ ದಡದಲ್ಲಿ ಒಂದಷ್ಟು ಭೂಮಿಯಿತ್ತು. ಹಿರಿಯರ ಸಮಾಧಿಗಳ ಪಕ್ಕದ ಭೂಮಿ. ಅಲ್ಲಿ ರಜೆಯ ಮನೆಗಳನ್ನು ಕಟ್ಟುವ ಕಂಪನಿಯೊಂದು ಅದನ್ನು ಕೇಳುತ್ತಿತ್ತು. ದಾಯಾದಿಗಳು ಎರಡು ಪಾಲಾಗಿದ್ದರು. "ನಾನು ಚಿಕ್ಕವನು, ನನ್ನ ಮಾತು ಯಾರೂ ಕೇಳುವುದಿಲ್ಲ. ನೀನು ಬಂದು ನಮ್ಮ ಜನ ಸಭೆ ಸೇರುವ ಅಂಗಳದಲ್ಲಿ ನಿಂತರೆ ಸಾಕು," ಎಂದ. ಅಕ್ಕನನ್ನು ಅವನು ಹೆಸರಿಟ್ಟು ಕರೆಯಲಿಲ್ಲ. ಪ್ರತಿ ಮಾತನ್ನೂ 'ಓ ಅರಿಕಿ' ಎಂದೇ ಶುರು ಮಾಡುತ್ತಿದ್ದ. ಹಾಗೆ ಕರೆದಾಗೆಲ್ಲ ಅತ್ತಿಗೆಯ ಬೆನ್ನು ನೆಟ್ಟಗಾಗುತ್ತಿತ್ತು. ಹಡಗು ಹೊರಡುವವರೆಗೆ ಉತ್ತರಕ್ಕೆ ಸಮಯವಿತ್ತು.

ಅಣ್ಣ, "ನಿನ್ನಿಷ್ಟ," ಎಂದ. ಅಪ್ಪ, "ಹೋಗಬೇಕಾದ್ದೇ ಧರ್ಮ, ಆದ್ರೆ..." ಎಂದು ಅಮ್ಮನ ಕೋಣೆಯ ಕಡೆ ನೋಡಿದರು. ನನ್ನ ಮದುವೆ ನಿಶ್ಚಯವಾಗಿತ್ತು. ಹುಡುಗ ನುಂಗಂಬಾಕ್ಕಂನವರು, ಬ್ಯಾಂಕಿನಲ್ಲಿದ್ದರು. ಛತ್ರ ಗೊತ್ತು ಮಾಡಿಯಾಗಿತ್ತು. ಅತ್ತಿಗೆ ಹೋದರೆ ಅಮ್ಮನ ಪಕ್ಕ ಕೂರಬೇಕಾದವಳು ನಾನೇ. ಅವರ ಹತ್ತಿರ ಹೋಗಿ, "ನೀವು ಹೋಗಿ ಬನ್ನಿ ಅತ್ತಿಗೆ. ಅಮ್ಮನ್ನ ನಾನು ನೋಡ್ಕೋತೀನಿ. ಮದುವೆ ಮುಂದಕ್ಕೆ ಹಾಕಿದ್ರಾಯ್ತು," ಎಂದೆ. ಅವರು ನನ್ನನ್ನು ನೋಡಿ ಕೆನ್ನೆ ತಟ್ಟಿದರು.

ಮರುದಿನ ಅಮ್ಮ ಸೊಸೆಯನ್ನು ಕರೆಸಿದಳು. ಆಡುವ ಎಡಗೈಯಿಂದ ಅವರ ಸೆರಗು ಹಿಡಿದುಕೊಂಡಳು. ಬಹಳ ಹೊತ್ತು ಏನೋ ತೊದಲಿದಳು. ನನಗೆ ಅರ್ಥವಾದದ್ದು ಒಂದೇ ಮಾತು, "ಒಳಗೆ." ಅತ್ತಿಗೆ ತಿಳಿಸಿದರು: "ಇವತ್ತಿಂದ ಅಡುಗೆಮನೆಗೆ ಬಾ ಅಂತಿದಾರೆ." ಅಮ್ಮ ಸೆರಗು ಬಿಟ್ಟಿರಲಿಲ್ಲ. ಅದು ಪಶ್ಚಾತ್ತಾಪವೋ, ಅವರನ್ನು ಉಳಿಸಿಕೊಳ್ಳುವ ಉಪಾಯವೋ ನನಗೆ ಇಂದಿಗೂ ತೀರ್ಮಾನಿಸಲು ಆಗಿಲ್ಲ. ಬಹುಶಃ ಎರಡೂ ಇದ್ದಿರಬೇಕು.

ಅತ್ತಿಗೆ ಹೋಗಲಿಲ್ಲ. ಬಂದರಿನ ಗೇಟಿನವರೆಗೆ ಹೋಗಿ ತಮ್ಮನನ್ನು ಕಳಿಸಿ ಬಂದರು. ನನ್ನ ಮದುವೆ ಅದೇ ಮುಹೂರ್ತದಲ್ಲಿ ನಡೆಯಿತು. ಧಾರೆಯ ಹೊತ್ತಿಗೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದದ್ದೂ ಅತ್ತಿಗೆಯೇ.

ಮುಂದಿನ ಬೇಸಿಗೆಯಲ್ಲಿ ಭೂಮಿ ಮಾರಾಟವಾದ ಸುದ್ದಿ ಬಂತು. ನಾನು ತವರಿಗೆ ಬಂದಿದ್ದೆ. ಅತ್ತಿಗೆ ಒಳಗೆ ಹೋಗಿ, ಕತ್ತರಿ ತೆಗೆದುಕೊಂಡು ತಮ್ಮ ಕೂದಲನ್ನು ತಾವೇ ಬುಡದವರೆಗೆ ಕತ್ತರಿಸಿಕೊಂಡರು. ಹಾಗೇ ಹೊರಗೆ ಬಂದರು. ಮಾಂಗಲ್ಯವಿರುವ ಹೆಂಗಸು ತಲೆ ಬೋಳಾಗಿ ನಿಂತರೆ ನಮ್ಮಲ್ಲಿ ಅದರ ಅರ್ಥವೇ ಬೇರೆ. ಅಮ್ಮ ಮಗನ ಹೆಸರು ಹಿಡಿದು ಗೋಳಾಡಿದಳು. ಅತ್ತಿಗೆ ಅವಳ ಪಕ್ಕ ಕೂತು, "ಗಂಡನಿಗೆ ಏನೂ ಇಲ್ಲಮ್ಮ. ಇದು ನನ್ನ ಅಪ್ಪನಿಗೆ. ಅವರ ಮಣ್ಣಿಗೆ. ನಮ್ಮಲ್ಲಿ ದುಃಖಕ್ಕೆ ಹೀಗೆ ಮಾಡ್ತೀವಿ," ಎಂದರು. ಕೂದಲನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮರೀನಾ ಕಡಲಿಗೆ ನಡೆದುಹೋದರು. ನಾನೂ ಜೊತೆಗೆ ಹೋದೆ. ಸುಡುವ ಮರಳು. ಗಂಟು ನೀರಿಗೆ ಬಿಡುವಾಗ, "ನಾನು ಬದುಕಿದ್ದೆ. ಅವರು ನನ್ನನ್ನು ಕರೆದರು. ನಾನು ಹೋಗಲಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡರು. ನಾನು ಪಕ್ಕದಲ್ಲಿ ನಿಂತಿರುವುದು ಅವರಿಗೆ ಮರೆತುಹೋಗಿತ್ತು.

ಅಮ್ಮ ಹೋದದ್ದು ಮದರಾಸಿನಲ್ಲಿ ನೀರಿಗೆ ಹಾಹಾಕಾರವೆದ್ದಿದ್ದ ವರ್ಷ. ಅಪ್ಪ ಅದಾಗಲೇ ತೀರಿಕೊಂಡಿದ್ದರು. ಹಜಾರದಲ್ಲಿ ಅಮ್ಮನನ್ನು ಮಲಗಿಸಿತ್ತು. ನೆಂಟರು ತುಂಬಿದ್ದರು. ಅತ್ತಿಗೆ ಹೆಣದ ಬಳಿ ಕೂತು, ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಾತಾಡತೊಡಗಿದರು. ಅಷ್ಟು ವರ್ಷ 'ನೀವು' ಎಂದವರು ಅಂದು 'ನೀನು' ಎಂದರು.

"ಕೇಳು ಅಮ್ಮ. ಐದು ವರ್ಷ ನಿನ್ನ ಅಡುಗೆಮನೆಗೆ ನಾನು ಬೇಡ. ನಾನು ಹೊರಡೋ ಹೊತ್ತಿಗೆ ಬಾಗಿಲು ತೆಗೆದೆ. ನನ್ನ ಸೆರಗು ಹಿಡ್ಕೊಂಡೆ, ಬಿಡಲೇ ಇಲ್ಲ. ನನ್ನ ಅಪ್ಪ ಸತ್ತಾಗ ನಾನು ಇಲ್ಲ. ನನ್ನ ಜನ ಕಾದ್ರು, ಕಾದ್ರು. ಜಾಗ ಹೋಯ್ತು. ನಿನ್ನ ಮೇಲೆ ನನಗೆ ಕೋಪ. ತುಂಬಾ ಕೋಪ!"

ಯಾರೋ ಚಿಕ್ಕಮ್ಮ, "ಏನಿದು ಅನ್ಯಾಯ, ಯಾರಾದ್ರೂ ಬಾಯಿ ಮುಚ್ಚಿಸಿ ಅವಳ್ನ," ಎಂದರು. ಅಣ್ಣ ಮೊದಲ ಬಾರಿಗೆ ಧ್ವನಿ ಎತ್ತಿದ. "ಸುಮ್ಮನಿರಿ. ಅವರ ಕಡೆ ಸತ್ತವರ ಹತ್ರ ಹೀಗೇ ಮಾತಾಡೋದು. ಮುಗಿಸಲಿ," ಎಂದ.

"ಆದ್ರೆ ನನ್ನ ಕೈಲಿ ತಿಂದೆ," ಎಂದರು ಅತ್ತಿಗೆ. "ಮಗು ಹಾಗೆ ತಿಂದೆ. ನಾನಿಲ್ಲದೆ ನಿದ್ದೆ ಮಾಡ್ತಿರಲಿಲ್ಲ. ಆಯ್ತು, ಎಲ್ಲಾ ಹೇಳಿದೆ. ಇನ್ನು ಏನೂ ಇಲ್ಲ. ಹೋಗು ಅಮ್ಮ. ನಿನ್ನ ಹಿರಿಯರ ಹತ್ರ ಹೋಗು. ಹೋಗು."

ಬಗ್ಗಿ ಅಮ್ಮನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿದರು.

ಮರುವರ್ಷ ಅಣ್ಣನೂ ಅವರೂ ನ್ಯೂಜಿಲೆಂಡಿಗೆ ಹೋಗಿಬಂದರು. ಬಂದ ಮೇಲೆ ಒಂದು ಸಂಜೆ ಅತ್ತಿಗೆ ನುಂಗಂಬಾಕ್ಕಂನ ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಎಲ್ಲ ಹೇಳಿದರು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮುದುಕಿಯರೆಲ್ಲ ಎದ್ದು ಬೈದರಂತೆ, ಅಪ್ಪ ಸತ್ತಾಗ ಎಲ್ಲಿದ್ದೆ, ನಾವು ಕರೆದಾಗ ಎಲ್ಲಿದ್ದೆ ಎಂದು. ಇವರು ತಲೆ ತಗ್ಗಿಸಿ ಪೂರ್ತಿ ಕೇಳಿದರಂತೆ. ಬೈದು ಮುಗಿದ ಮೇಲೆ ಒಬ್ಬೊಬ್ಬರೂ ಬಂದು ಅಪ್ಪಿಕೊಂಡು ಅತ್ತರಂತೆ.

"ಈಗ ಮಾತು ನನ್ನ ತಮ್ಮನದು," ಎಂದರು. "ಹುಟ್ಟು ನನ್ನದೇ, ಅದನ್ನ ಯಾರೂ ತೆಗೆಯೋಕಾಗಲ್ಲ. ಆದ್ರೆ ಅಂಗಳದಲ್ಲಿ ಎದ್ದು ನಿಲ್ಲೋನು ಅವನು. ಒಳ್ಳೇದೇ ಆಯ್ತು. ಅವನು ಅಲ್ಲಿದಾನೆ, ನಾನು ಇಲ್ಲಿದೀನಿ." ಆಮೇಲೆ, "ದಡದಲ್ಲಿ ಮನೆಗಳು ಬಂದಿವೆ. ಸಮಾಧಿಗೆ ಹೋಗೋಕೆ ಈಗ ಸುತ್ತಿ ಹೋಗಬೇಕು," ಎಂದರು.

ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಹೊರಬಿತ್ತು.

"ನಾನು ಹೋಗಿ ಅಂದಿದ್ದೆನಲ್ಲ ಅತ್ತಿಗೆ. ಅಮ್ಮನ್ನ ನೋಡ್ಕೋತೀನಿ, ಮದುವೆ ಮುಂದಕ್ಕೆ ಹಾಕಿದ್ರಾಯ್ತು ಅಂದಿದ್ದೆ. ಯಾಕೆ ಹೋಗ್ಲಿಲ್ಲ ನೀವು?"

"ಹೌದು, ನೀನು ಅಂದಿದ್ದೆ," ಎಂದರು. "ಕಿವಿಗೆ ಕೇಳ್ತು."

ಲೋಟ ಕೆಳಗಿಟ್ಟರು.

"ಆದ್ರೆ ನಾನು ನಿನ್ನ ಮುಖ ನೋಡ್ತಿದ್ದೆ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಒಳಗಿನಿಂದ ನನ್ನ ಮಗಳು ತಮಿಳಿನಲ್ಲಿ ಏನೋ ಕೂಗಿದಳು. ಅತ್ತಿಗೆ ತಮಿಳಿನಲ್ಲೇ ಉತ್ತರ ಕೊಟ್ಟು ಎದ್ದು ಅವಳ ಹತ್ತಿರ ಹೋದರು. ಆ ದಿನ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಬಾಯಿಂದ ಹೇಳಿದ್ದು ನಿಜವೆಂದೇ ನಾನು ಅಷ್ಟು ವರ್ಷ ನಂಬಿದ್ದೆ.

ಅಮ್ಮನನ್ನು ಅತ್ತಿಗೆ ಮನಸಾರೆ ಬೈದು ಕಳಿಸಿಕೊಟ್ಟರು. ನನ್ನನ್ನು ಮಾತ್ರ ಕೊನೆಯವರೆಗೂ ಬೈಯಲಿಲ್ಲ.